ಕನ್ನಡಿಯ ಮುಂದಿನ ಮಗು: ಆತ್ಮಕಥನಗಳಲ್ಲಿ ಕುರೂಪದ ಅನುಭವ ಮತ್ತು ಗೆಲುವಿನ ಪ್ರಶ್ನೆ

1

‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆ ಕನ್ನಡ ಜನಜೀವನದಲ್ಲಿ ಸಾಮಾನ್ಯವಾಗಿ ನಗೆಯ ಮಾತಾಗಿಯೇ ಬಳಕೆಯಾಗುತ್ತ ಬಂದಿದೆ. ಅದರ ಹಾಸ್ಯವನ್ನು ಬದಿಗಿರಿಸಿ ನೋಡಿದರೆ ರೂಪದ ಬಗೆಗೆ ಜನಪದರು ತಳೆದ ಒಂದು ಗಂಭೀರ ನಿಲುವು ಅದರಲ್ಲಿ ಅಡಗಿರುವುದು ಕಾಣುತ್ತದೆ. ಮಗು ಚೆಲುವಾಗಿ ಕಾಣುವುದು ಅದರ ಮೈಕಟ್ಟಿನಿಂದಾಗಲೀ ಬಣ್ಣದಿಂದಾಗಲೀ ಅಲ್ಲ, ಎತ್ತಿಕೊಂಡವರ ಅಕ್ಕರೆಯಿಂದ. ಈ ಗಾದೆ ನಿಜವಾಗಿರುವಷ್ಟು ಕಾಲ ಯಾವ ಮಗುವೂ ತಾನು ಕುರೂಪಿಯೆಂದು ಅರಿಯಲಾರದು. ಹೆತ್ತವರದಲ್ಲದ ಕಣ್ಣೊಂದು ಮಗುವಿನ ಮೇಲೆ ಬಿದ್ದು, ಆ ಕಣ್ಣಿನ ತೀರ್ಪನ್ನು ಮಗು ತನ್ನದೇ ತೀರ್ಪೆಂದು ಒಪ್ಪಿಕೊಳ್ಳುವ ಗಳಿಗೆಯಲ್ಲಿ ಕುರೂಪದ ಅನುಭವ ಹುಟ್ಟುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಕಟವಾದ ಕೆಲವು ಮಹತ್ವದ ಆತ್ಮಕಥನಗಳು ಈ ಗಳಿಗೆಯನ್ನೇ ತಮ್ಮ ಕೇಂದ್ರವಾಗಿಸಿಕೊಂಡಿವೆ.

ಕುರೂಪಿಯ ಕಥೆಗೆ ಭಾರತೀಯ ಪರಂಪರೆ ಎರಡು ಮುಕ್ತಾಯಗಳನ್ನು ಕಲ್ಪಿಸಿಕೊಂಡಿದೆ. ಅವೆರಡೂ ಅಷ್ಟಾವಕ್ರನ ಕಥೆಯಲ್ಲಿಯೇ ದೊರೆಯುತ್ತವೆ. ಜನಜನಿತವಾದ ಕಥೆಯಲ್ಲಿ ಎಂಟು ಕಡೆ ಸೊಟ್ಟಗಾದ ಮೈಯನ್ನು ಕಂಡು ಜನಕನ ಸಭೆ ನಗುತ್ತದೆ. ಅವನ ಜ್ಞಾನ ಆ ಸಭೆಯನ್ನು ನಾಚಿಸುತ್ತದೆ. ಇಲ್ಲಿ ಮೈ ಬದಲಾಗುವುದಿಲ್ಲ, ನೋಡುವವರ ಅಳತೆಗೋಲು ಬದಲಾಗುತ್ತದೆ. ಮಹಾಭಾರತದ ವನಪರ್ವದಲ್ಲಿ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವಾದದಲ್ಲಿ ಬಂದಿಯನ್ನು ಸೋಲಿಸಿ ತಂದೆ ಕಹೋಡನನ್ನು ಮರಳಿ ಪಡೆದ ಅಷ್ಟಾವಕ್ರ, ತಂದೆಯ ಮಾತಿನಂತೆ ಸಮಂಗಾ ನದಿಯಲ್ಲಿ ಮುಳುಗಿ ಏಳುತ್ತಾನೆ, ಅಂಗಗಳು ನೆಟ್ಟಗಾಗುತ್ತವೆ. ಆ ಮೈಯನ್ನು ಸೊಟ್ಟಗಾಗಿಸಿದ್ದು ಗರ್ಭದಲ್ಲಿರುವಾಗಲೇ ಅದೇ ತಂದೆ ಕೊಟ್ಟ ಶಾಪವೆಂಬುದನ್ನು ಮರೆಯುವಂತಿಲ್ಲ. ಜ್ಞಾನದ ಗೆಲುವು ಸಾಲದು, ಮೈಯೂ ನೆಟ್ಟಗಾಗಬೇಕು, ಹೆತ್ತವನ ಕಣ್ಣಿಗೂ ಒಪ್ಪಿತವಾಗಬೇಕು ಎಂಬ ಆಸೆಯನ್ನು ಪುರಾಣ ಆ ನದಿಯ ಮೂಲಕ ಈಡೇರಿಸುತ್ತದೆ. 1843ರಲ್ಲಿ ಪ್ರಕಟವಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನ ಕುರೂಪಿ ಬಾತುಮರಿಯ ಕಥೆಯದೂ ಇಂಥದೇ ಮುಕ್ತಾಯ. ಎಲ್ಲರ ತಿರಸ್ಕಾರಕ್ಕೆ ಗುರಿಯಾದ ಮರಿ ಕೊನೆಗೆ ಹಂಸವಾಗಿ ಬೆಳೆಯುತ್ತದೆ. ಆದರೆ ಅದನ್ನು ಕುಕ್ಕಿದ ಬಾತುಗಳ ಅಳತೆಗೋಲನ್ನು ಆ ಕಥೆ ಪ್ರಶ್ನಿಸುವುದಿಲ್ಲ; ಮರಿ ಬೇರೊಂದು ಉತ್ತಮ ಕುಲಕ್ಕೆ ಸೇರಿದ್ದೆಂದು ಹೇಳಿ ಸಮಾಧಾನಪಡಿಸುತ್ತದೆ. ಹಂಸದ ಕುಲದಲ್ಲಿ ಹುಟ್ಟದ ಮರಿಯ ಗತಿಯೇನು ಎಂಬ ಪ್ರಶ್ನೆ ಅಲ್ಲಿ ಉಳಿದೇಹೋಗುತ್ತದೆ.

ಆತ್ಮಕಥನಕ್ಕೆ ಪುರಾಣದ ಈ ಅನುಕೂಲವಿಲ್ಲ. ನಡೆದ ಬದುಕಿಗೆ ಅದು ಬದ್ಧವಾಗಿರಬೇಕಾಗುತ್ತದೆ. ಆದರೂ ಓದುಗ ಸಮುದಾಯ ಅದರಿಂದ ಸಮಂಗೆಯನ್ನೇ ನಿರೀಕ್ಷಿಸುತ್ತದೆ. ‘ಕಷ್ಟವನ್ನು ಗೆದ್ದ ಕಥೆ’ ಎಂಬ ಹಣೆಪಟ್ಟಿಯಿಂದಲೇ ಅದನ್ನು ಸ್ವೀಕರಿಸುತ್ತದೆ. ಈ ಹಣೆಪಟ್ಟಿ ಕೃತಿಗಳಿಗೆ ನ್ಯಾಯ ಒದಗಿಸುತ್ತದೆಯೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಮಾಯಾ ಏಂಜೆಲೊ ಅವರ ‘ಐ ನೋ ವೈ ದಿ ಕೇಜ್ಡ್ ಬರ್ಡ್ ಸಿಂಗ್ಸ್’ (1969), ಲೂಸಿ ಗ್ರೀಲಿ ಅವರ ‘ಆಟೋಬಯಾಗ್ರಫಿ ಆಫ್ ಎ ಫೇಸ್’ (1994) ಎಂಬ ಎರಡು ಅಮೆರಿಕನ್ ಕೃತಿಗಳನ್ನೂ, ಅವುಗಳಿಗೆ ಎದುರಾಗಿ ಅರವಿಂದ ಮಾಲಗತ್ತಿ ಅವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಹಾಗೂ ಸಿದ್ಧಲಿಂಗಯ್ಯ ಅವರ ‘ಊರುಕೇರಿ’ ಎಂಬ ಕನ್ನಡದ ಕೃತಿಗಳನ್ನೂ ಇಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

2

ಮಾಯಾ ಏಂಜೆಲೊ (1928–2014) ಅವರ ಕೃತಿ ಇಗರ್ಜಿಯೊಂದರಲ್ಲಿ ಆರಂಭವಾಗುತ್ತದೆ. ಈಸ್ಟರ್ ಹಬ್ಬದಂದು ಪದ್ಯವೊಂದನ್ನು ಒಪ್ಪಿಸಬೇಕಾದ ಪುಟ್ಟ ಹುಡುಗಿ ಮಾತು ಮರೆತು ತಡವರಿಸುತ್ತಾಳೆ. ಅಜ್ಜಿ ಹೊಲಿಯುತ್ತಿದ್ದಾಗ ಆ ಅಂಗಿ ಅವಳಿಗೆ ಒಂದು ಮಾಯಾವಸ್ತ್ರವಾಗಿತ್ತು. ಅದನ್ನು ತೊಟ್ಟ ಕೂಡಲೇ ತನ್ನ ಕಪ್ಪು ಬಣ್ಣವೂ ಗುಂಗುರು ಕೂದಲೂ ಕಳಚಿಬಿದ್ದು, ಹೊಂಬಣ್ಣದ ಕೂದಲಿನ, ನೀಲಿ ಕಣ್ಣಿನ ನಿಜವಾದ ತಾನು ಹೊರಬರುವೆನೆಂದು ಅವಳು ನಂಬಿದ್ದಳು. ಹಬ್ಬದ ಬೆಳಗಿನ ಬಿಸಿಲಿನಲ್ಲಿ ನೋಡಿದರೆ ಅದು ಬಿಳಿಯ ಹೆಂಗಸೊಬ್ಬಳು ತೊಟ್ಟು ಬಿಟ್ಟ ಉಡುಪನ್ನು ಕತ್ತರಿಸಿ ಹೊಲಿದ ಅಂಗಿ. ಹುಡುಗಿ ಮೂತ್ರ ತಡೆಯಲಾರದೆ ಇಗರ್ಜಿಯಿಂದ ಓಡಿಹೋಗುತ್ತಾಳೆ. ಕುರೂಪದ ಅನುಭವ ಎಲ್ಲಿಂದ ಬರುತ್ತದೆಂಬುದನ್ನು ಈ ಒಂದು ಪ್ರಸಂಗವೇ ಸ್ಪಷ್ಟಪಡಿಸುತ್ತದೆ. ಆ ಇಗರ್ಜಿಯಲ್ಲಿ ಬಿಳಿಯರು ಯಾರೂ ಇಲ್ಲ. ಇರುವವರೆಲ್ಲ ಅವಳ ಬಣ್ಣದವರೇ. ಆದರೂ ಬಿಳಿಯರ ಕಣ್ಣು ಅಲ್ಲಿದೆ. ಆ ಕಣ್ಣು ಅವಳ ಕನಸಿನೊಳಗೇ ಮನೆಮಾಡಿಕೊಂಡಿದೆ. ಯಜಮಾನ ಸಮುದಾಯದ ಅಳತೆಗೋಲು ಅಧೀನ ಸಮುದಾಯದ ಮಗುವಿನ ಆಸೆಯಾಗಿ ಮಾರ್ಪಡುವ ಬಗೆಯನ್ನು ಇಷ್ಟು ನೇರವಾಗಿ ತೋರಿಸಿದ ಬರಹಗಳು ವಿರಳ.

ಈ ಕೃತಿಯಲ್ಲಿ ಹೆಗ್ಗಣದ ಗಾದೆ ಎರಡು ಬಾರಿ ಮುರಿಯುತ್ತದೆ. ತಂದೆತಾಯಿಯರ ದಾಂಪತ್ಯ ಒಡೆದಾಗ ಮೂರು ವರ್ಷದ ಮಾಯಾ ಮತ್ತು ನಾಲ್ಕು ವರ್ಷದ ಅಣ್ಣ ಬೈಲಿ ಮಣಿಕಟ್ಟಿಗೆ ವಿಳಾಸದ ಚೀಟಿ ಕಟ್ಟಿಸಿಕೊಂಡು, ರೈಲಿನಲ್ಲಿ ಅರ್ಕಾನ್ಸಾಸ್ ರಾಜ್ಯದ ಸ್ಟಾಂಪ್ಸ್ ಎಂಬ ಊರಿಗೆ, ಅಂಗಡಿ ನಡೆಸುತ್ತಿದ್ದ ಅಜ್ಜಿಯ ಮನೆಗೆ ಬರುತ್ತಾರೆ. ವರ್ಷಗಳ ನಂತರ ಕ್ರಿಸ್‌ಮಸ್ ಹಬ್ಬಕ್ಕೆ ತಂದೆತಾಯಿಯರಿಂದ ಉಡುಗೊರೆ ಬರುತ್ತದೆ. ಮಾಯಾಳ ಪಾಲಿಗೆ ಬಂದ ಬೊಂಬೆಗೆ ನೀಲಿ ಕಣ್ಣು, ಹಳದಿ ಕೂದಲು. ತಾವು ತಬ್ಬಲಿಗಳೆಂದೇ ನಂಬಿಕೊಂಡಿದ್ದ ಮಕ್ಕಳು ಮರುದಿನ ಆ ಬೊಂಬೆಯ ಹೊಟ್ಟೆ ಬಗೆದು ಹಾಕುತ್ತಾರೆ. ಹೆತ್ತವರು ಬದುಕಿದ್ದೂ ತಮ್ಮನ್ನು ದೂರವಿಟ್ಟರೆಂಬ ಸಿಟ್ಟೂ, ಹೆತ್ತವರೇ ಕಳುಹಿಸಿದ ಬೊಂಬೆಯ ಮುಖ ತನ್ನದಲ್ಲವೆಂಬ ನೋವೂ ಆ ಒಂದು ಕ್ರಿಯೆಯಲ್ಲಿ ಕೂಡಿವೆ. ಮುಂದೆ ಸೇಂಟ್ ಲೂಯಿಸ್ ನಗರದಲ್ಲಿ ತಾಯಿ ವಿವಿಯನ್ ಬ್ಯಾಕ್ಸ್‌ಟರ್ ಅವರನ್ನು ಕಂಡಾಗ ಮಗಳಿಗೆ ಹೊಳೆಯುವ ಕಾರಣ ಇನ್ನೂ ಕಠೋರವಾದುದು: ಮಕ್ಕಳನ್ನು ಪಡೆಯುವುದಕ್ಕೆ ತಾಯಿ ತೀರ ಚೆಲುವೆ, ಆದ್ದರಿಂದಲೇ ತಮ್ಮನ್ನು ಕಳುಹಿಸಿಬಿಟ್ಟಳು. ಸುಂದರನೆಂದು ಎಲ್ಲರೂ ಮೆಚ್ಚುವ ಅಣ್ಣನ ಪಕ್ಕದಲ್ಲಿ ಬೆಳೆದ ಹುಡುಗಿ ತನ್ನ ಪರಿತ್ಯಾಗಕ್ಕೆ ತನ್ನ ರೂಪವನ್ನೇ ಹೊಣೆಯಾಗಿಸಿಕೊಳ್ಳುತ್ತಾಳೆ.

ಅದೇ ಸೇಂಟ್ ಲೂಯಿಸ್‌ನಲ್ಲಿ ಎಂಟನೆಯ ವಯಸ್ಸಿನಲ್ಲಿ ತಾಯಿಯ ಜೊತೆಗಾರನಿಂದ ಅವಳ ಮೇಲೆ ಅತ್ಯಾಚಾರ ನಡೆಯುತ್ತದೆ. ನ್ಯಾಯಾಲಯದಲ್ಲಿ ಅವಳು ಸಾಕ್ಷಿ ಹೇಳುತ್ತಾಳೆ. ಶಿಕ್ಷೆಯಾದರೂ ಅವನು ಬಿಡುಗಡೆಗೊಂಡು, ಬಳಿಕ ಕೊಲೆಯಾಗುತ್ತಾನೆ. ತನ್ನ ಮಾತೇ ಅವನನ್ನು ಕೊಂದಿತೆಂದು ನಂಬಿದ ಹುಡುಗಿ ಅಣ್ಣನೊಬ್ಬನ ಹೊರತು ಯಾರೊಡನೆಯೂ ಮಾತನಾಡುವುದನ್ನು ನಿಲ್ಲಿಸುತ್ತಾಳೆ. ಕೃತಿಯ ಆರಂಭದಲ್ಲಿ ಪದ್ಯ ಮರೆತು ನಿಂತ ಮಗುವಿಗೂ ಈ ಮೌನಕ್ಕೂ ಇರುವ ಸಂಬಂಧ ಗಮನಾರ್ಹ. ರೂಪದ ಬಗೆಗಿನ ಕೀಳರಿಮೆ ಏಂಜೆಲೊ ಅವರಲ್ಲಿ ಮೊದಲು ಕಸಿಯುವುದು ಮಾತನ್ನು. ಸ್ಟಾಂಪ್ಸ್‌ಗೆ ಮರಳಿದ ಮೇಲೆ ಅವಳ ಮೌನವನ್ನು ಮುರಿಯುವವರು ಬರ್ತಾ ಫ್ಲವರ್ಸ್ ಎಂಬ ಹೆಂಗಸು. ಅವರು ಹುಡುಗಿಗೆ ತಿನಿಸು ಕೊಟ್ಟು, ಡಿಕನ್ಸನ ಕಾದಂಬರಿಯೊಂದನ್ನು ಗಟ್ಟಿಯಾಗಿ ಓದಿ ಕೇಳಿಸಿ, ಪದ್ಯಗಳನ್ನು ಕಂಠಪಾಠ ಮಾಡಿಕೊಂಡು ಬರುವಂತೆ ಹೇಳುತ್ತಾರೆ. ಇಲ್ಲಿ ಹುಡುಗಿ ಚೆಲುವೆಯಾಗುವುದಿಲ್ಲ. ಬೈಲಿಯ ತಂಗಿಯೆಂಬುದಕ್ಕಲ್ಲದೆ, ಅಜ್ಜಿಯ ಮೊಮ್ಮಗಳೆಂಬುದಕ್ಕಲ್ಲದೆ, ತಾನು ತಾನಾಗಿರುವುದಕ್ಕೇ ಒಬ್ಬರು ತನ್ನನ್ನು ಗೌರವಿಸಿದರೆಂಬ ಅರಿವು ಅವಳಿಗೆ ದೊರೆಯುತ್ತದೆ. ಪರಕೀಯ ಕಣ್ಣು ಮಾಡಿದ ಹಾನಿಯನ್ನು ಸರಿಪಡಿಸಲು ಇನ್ನೊಂದು ಕಣ್ಣೇ ಬೇಕಾಯಿತು. ಹೆತ್ತವರು ಕೊಡಲಾರದ ಅಕ್ಕರೆಯನ್ನು ನೆರೆಯವಳೊಬ್ಬಳು ಪುಸ್ತಕದ ಮೂಲಕ ಕೊಡಬೇಕಾಯಿತು.

ಕೃತಿಯ ಜನಪ್ರಿಯ ಓದು ಸಾಮಾನ್ಯವಾಗಿ ಇಲ್ಲಿಗೇ ನಿಂತು ಅದನ್ನು ಗೆಲುವಿನ ಕಥೆಯೆಂದು ಕರೆಯುತ್ತದೆ. ಪಠ್ಯ ಮಾತ್ರ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕರಿಯರಿಗೆ ಕೊಡದಿದ್ದ ಟ್ರಾಮ್ ಕಂಡಕ್ಟರ್ ಕೆಲಸವನ್ನು ಹಟ ಹಿಡಿದು ಪಡೆಯುವ ಅದೇ ಹುಡುಗಿ, ತನ್ನ ಮೈ ಹೆಣ್ಣಿನ ಮೈಯೇ ಹೌದೇ ಎಂಬ ಸಂದೇಹದಿಂದ ಹದಿಹರೆಯದಲ್ಲಿಯೂ ಬಳಲುತ್ತಾಳೆ. ಆ ಸಂದೇಹವನ್ನು ಪರಿಹರಿಸಿಕೊಳ್ಳಲು ನೆರೆಯ ಹುಡುಗನೊಬ್ಬನನ್ನು ತಾನೇ ಕರೆದು ಕೂಡಿ, ಗರ್ಭಿಣಿಯಾಗುತ್ತಾಳೆ. ಕೃತಿ ಮುಗಿಯುವಾಗ ಅವಳ ಕೈಯಲ್ಲಿ ಒಂದು ಮಗುವಿದೆ. ಪಕ್ಕದಲ್ಲಿ ಮಲಗಿಸಿಕೊಂಡರೆ ಎಲ್ಲಿ ಹಿಸುಕಿಬಿಡುವೆನೋ ಎಂದು ಹೆದರಿದವಳು, ನಿದ್ರೆಯಲ್ಲಿಯೂ ತನ್ನ ತೋಳು ಮಗುವಿಗೆ ಮರೆಯಾಗಿ ನಿಂತಿರುವುದನ್ನು ತಾಯಿ ತೋರಿಸಿದಾಗ ಕಾಣುತ್ತಾಳೆ. ತಾನು ಚೆಲುವೆಯೋ ಅಲ್ಲವೋ ಎಂಬ ಪ್ರಶ್ನೆಗೆ ಅಲ್ಲಿಯೂ ಉತ್ತರವಿಲ್ಲ. ತನ್ನ ಮೈ ಇನ್ನೊಂದು ಜೀವವನ್ನು ಕಾಯಬಲ್ಲದು ಎಂಬ ತಿಳಿವಳಿಕೆ ಮಾತ್ರ ಇದೆ. ಪ್ರಶ್ನೆ ಪರಿಹಾರವಾಗುವುದರ ಬದಲು ಪಕ್ಕಕ್ಕೆ ಸರಿಯುತ್ತದೆ. ಹೆಗ್ಗಣದ ಗಾದೆ ಮಗುವಿನ ಕಡೆಯಿಂದ ತಾಯಿಯ ಕಡೆಗೆ ತಿರುಗಿಕೊಳ್ಳುತ್ತದೆ.

3

ಏಂಜೆಲೊ ಅವರ ಕುರೂಪ ಸಮಾಜ ಹೊರಿಸಿದ ಸುಳ್ಳು. ಆ ಸುಳ್ಳನ್ನು ಸುಳ್ಳೆಂದು ಅರಿತರೆ ಬಿಡುಗಡೆಯ ದಾರಿ ತೆರೆಯುತ್ತದೆಂದು ವಾದಿಸಲು ಅವಕಾಶವುಂಟು. ಲೂಸಿ ಗ್ರೀಲಿ (1963–2002) ಅವರ ಕೃತಿ ಇದಕ್ಕಿಂತ ಕಠಿಣವಾದ ಸಂದರ್ಭವನ್ನು ಎದುರಿಗಿಡುತ್ತದೆ. ಡಬ್ಲಿನ್‌ನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕುಟುಂಬದೊಡನೆ ಅಮೆರಿಕಕ್ಕೆ ಬಂದ ಗ್ರೀಲಿ ಅವರಿಗೆ ಒಂಬತ್ತನೆಯ ವಯಸ್ಸಿನಲ್ಲಿ ದವಡೆಯ ಮೂಳೆಯ ಕ್ಯಾನ್ಸರ್, ಯೂವಿಂಗ್ಸ್ ಸಾರ್ಕೋಮಾ, ಇರುವುದು ಪತ್ತೆಯಾಯಿತು. ಶಸ್ತ್ರಚಿಕಿತ್ಸೆಯಲ್ಲಿ ದವಡೆಯ ಮೂರನೆಯ ಒಂದು ಭಾಗ ಹೋಯಿತು. ಅದರ ನಂತರ ಎರಡು ವರ್ಷಗಳಿಗೂ ಮಿಕ್ಕಿ ವಿಕಿರಣ ಮತ್ತು ಕೀಮೋಥೆರಪಿ ನಡೆದವು. ಇಲ್ಲಿ ಮುಖ ನಿಜವಾಗಿಯೇ ಬದಲಾಗಿದೆ; ಕನ್ನಡಿ ಸುಳ್ಳು ಹೇಳುತ್ತಿಲ್ಲ.

ಕಾಯಿಲೆಯ ದಿನಗಳಲ್ಲಿ ಮಗುವಿಗೆ ತನ್ನ ಮುಖದ ಚಿಂತೆ ಇರಲಿಲ್ಲವೆಂಬುದನ್ನು ಗ್ರೀಲಿ ಎಚ್ಚರದಿಂದ ದಾಖಲಿಸುತ್ತಾರೆ. ಆಸ್ಪತ್ರೆಯಲ್ಲಿ ಅವಳು ವಿಶೇಷಳು. ಮನೆಯ ಹಲವು ಮಕ್ಕಳ ನಡುವೆ ದೊರೆಯದ ಗಮನ ಅಲ್ಲಿ ದೊರೆಯುತ್ತದೆ. ಆದರೆ ಆ ಗಮನಕ್ಕೂ ಒಂದು ಕರಾರಿದೆ: ಅಳಬಾರದು. ಕೀಮೋಥೆರಪಿಯ ಸೂಜಿಯ ಮುಂದೆ ಅಳದಿರುವುದೇ ಧೈರ್ಯವೆಂದು ತಾಯಿ ಕಲಿಸುತ್ತಾರೆ. ಮಗಳು ಅತ್ತಾಗ ಅದು ತಾಯಿಯ ಮುಂದೆ ತಾನು ಸೋತಂತೆ ಮಗುವಿಗೆ ಭಾಸವಾಗುತ್ತದೆ. ತಾಯಿಯದು ಕ್ರೌರ್ಯವಲ್ಲ, ಕಂಗಾಲಾದ ಪ್ರೀತಿ. ಲೇಖಕಿಗೂ ಅದು ಗೊತ್ತಿದೆ. ಹಾಗಿದ್ದೂ ನೋವನ್ನು ನುಂಗುವುದೇ ಪ್ರೀತಿಗೆ ಕೊಡಬೇಕಾದ ಬೆಲೆಯೆಂದು ಕಲಿತ ಮಗು, ಮುಂದೆ ತನ್ನ ಮುಖ ಪ್ರೀತಿಗೆ ಅಡ್ಡಿಯೆಂದು ನಂಬುವುದಕ್ಕೆ ಇಲ್ಲಿಯೇ ಸಿದ್ಧವಾಗಿರುತ್ತದೆ.

ಶಾಲೆಗೆ ಮರಳಿದಾಗ ತೀರ್ಪು ಬರುತ್ತದೆ. ಹುಡುಗರ ಕೂಗಾಟ, ಊಟದ ಕೋಣೆಯ ಅಪಹಾಸ್ಯ, ಎಲ್ಲರ ಜೊತೆ ಕುಳಿತು ಉಣ್ಣಲಾರದೆ ಬೇರೆ ಕೋಣೆಯಲ್ಲಿ ಒಂಟಿಯಾಗಿ ಉಣ್ಣುವ ಏರ್ಪಾಡು. ಈ ಅನುಭವಗಳ ನಡುವೆ ಎರಡು ಆಸರೆಗಳನ್ನು ಗ್ರೀಲಿ ನೆನೆಯುತ್ತಾರೆ. ಒಂದು, ಲಾಯದ ಕುದುರೆಗಳು; ಅವು ಮುಖವನ್ನು ಅಳೆಯುವುದಿಲ್ಲ. ಇನ್ನೊಂದು, ಹ್ಯಾಲೊವೀನ್ ಹಬ್ಬದ ಮುಖವಾಡ. ಮುಖವಾಡ ತೊಟ್ಟ ರಾತ್ರಿ ಅವಳು ತಲೆಯೆತ್ತಿ ಬೀದಿಯಲ್ಲಿ ನಡೆಯುತ್ತಾಳೆ. ಉಳಿದ ಮಕ್ಕಳು ಆ ರಾತ್ರಿ ವಿಕಾರವನ್ನು ತೊಡುತ್ತಾರೆ. ಲೂಸಿ ತನ್ನ ವಿಕಾರದಿಂದ ಬಿಡುವು ಪಡೆಯುತ್ತಾಳೆ. ಆ ಬಿಡುವಿನಲ್ಲಿಯೇ, ಉಳಿದವರು ದಿನವೂ ಎಷ್ಟು ನಿರಾಳವಾಗಿ ಬದುಕುತ್ತಾರೆಂಬುದು ಅವಳಿಗೆ ಮೊದಲ ಬಾರಿಗೆ ತಿಳಿಯುತ್ತದೆ.

ಅನಂತರದ ಬದುಕು ಸಮಂಗಾ ನದಿಯ ಹುಡುಕಾಟ. ದವಡೆಯನ್ನು ಮರಳಿ ಕಟ್ಟಲು ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ. ಮೈಯ ಬೇರೆ ಭಾಗಗಳಿಂದ ತೆಗೆದು ನೆಟ್ಟ ಮಾಂಸ ಮತ್ತು ಮೂಳೆಯನ್ನು ದೇಹ ಮತ್ತೆ ಮತ್ತೆ ಕರಗಿಸಿಬಿಡುತ್ತದೆ. ಕ್ಯಾನ್ಸರಿಗೆ ನಡೆದ ಚಿಕಿತ್ಸೆಗಿಂತ ಉಳಿದವರಂತೆ ಕಾಣುವುದಕ್ಕಾಗಿ ನಡೆದ ಚಿಕಿತ್ಸೆ ಬಹಳ ದೀರ್ಘವಾದುದು. ಪ್ರತಿ ಬಾರಿಯೂ ನಿಜವಾದ ಬದುಕು ಮುಂದಿನ ಶಸ್ತ್ರಚಿಕಿತ್ಸೆಯ ನಂತರ ಆರಂಭವಾಗುವುದೆಂಬ ನಂಬಿಕೆಯಲ್ಲಿ ಇಂದಿನ ಬದುಕು ಮುಂದೂಡಲ್ಪಡುತ್ತದೆ. ಕೊನೆಗೆ ವೈದ್ಯರು ಕೆಲಸ ಮುಗಿಯಿತೆಂದಾಗ ಎದುರಾಗುವುದು ಸಂತೋಷವಲ್ಲ, ದಿಗ್ಭ್ರಮೆ. ಕನ್ನಡಿಯಲ್ಲಿ ಕಂಡ ಮುಖ ತನ್ನದೆಂದು ಅವರಿಗೆ ಅನಿಸುವುದಿಲ್ಲ. ಸುಮಾರು ಒಂದು ವರ್ಷ ಅವರು ಕನ್ನಡಿಯನ್ನೇ ನೋಡುವುದಿಲ್ಲ. ಕಾಫಿ ಅಂಗಡಿಯೊಂದರಲ್ಲಿ ಅಪರಿಚಿತನೊಬ್ಬನೊಡನೆ ಮಾತನಾಡುತ್ತ, ರಾತ್ರಿಯ ಕಿಟಕಿಯ ಗಾಜಿನಲ್ಲಿ ತನ್ನ ಬಿಂಬವನ್ನು ಅರಸುವಲ್ಲಿಗೆ ಕೃತಿ ಮುಗಿಯುತ್ತದೆ. ನದಿಯಲ್ಲಿ ಮುಳುಗಿ ಎದ್ದವಳಿಗೆ ದಡದಲ್ಲಿ ಸಿಕ್ಕಿದ್ದು ಹಳೆಯ ಪ್ರಶ್ನೆಯೇ. ಮುಖವನ್ನು ಬದಲಿಸಿದರೂ ಪರರ ಕಣ್ಣನ್ನು ತನ್ನ ಕಣ್ಣಾಗಿಸಿಕೊಂಡ ಅಭ್ಯಾಸ ಬದಲಾಗದು ಎಂಬುದು ಈ ಕೃತಿಯ ತಿಳಿವಳಿಕೆ.

ಆ ತಿಳಿವಳಿಕೆಯೂ ಲೇಖಕಿಯನ್ನು ಕಾಪಾಡಲಿಲ್ಲ. ಕೃತಿ ಕೀರ್ತಿ ತಂದಿತು. ಆದರೆ 2002ರ ಡಿಸೆಂಬರಿನಲ್ಲಿ, ತಮ್ಮ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಮಾದಕವಸ್ತುವಿನ ಅತಿಸೇವನೆಯಿಂದ ಅವರು ತೀರಿಕೊಂಡರು. ಇದನ್ನು ತಿಳಿದ ಓದುಗನಿಗೆ ಕೃತಿಯ ಕೊನೆಯ ಪುಟಗಳು ಮೊದಲಿನಂತೆ ಕಾಣುವುದಿಲ್ಲ. ಹಾಗೆಂದು ಕೃತಿ ಸುಳ್ಳಾಯಿತೆಂದು ತೀರ್ಮಾನಿಸುವುದು ಅವಸರವಾಗುತ್ತದೆ. ಗೆಲುವನ್ನು ಆ ಪುಟಗಳು ಘೋಷಿಸಿಯೇ ಇರಲಿಲ್ಲ. ಘೋಷಿಸಿದ್ದು ಅದನ್ನು ಓದಿದವರು.

4

ಈ ಎರಡು ಕೃತಿಗಳ ಜೊತೆಯಲ್ಲಿ ಕನ್ನಡದ ದಲಿತ ಆತ್ಮಕಥನಗಳನ್ನು ಇಟ್ಟು ನೋಡಿದಾಗ ಕಾಣುವ ಮೊದಲ ವ್ಯತ್ಯಾಸವೆಂದರೆ ಕನ್ನಡಿಯ ಗೈರುಹಾಜರಿ. ‘ಗೌರ್ಮೆಂಟ್ ಬ್ರಾಹ್ಮಣ’ದ ಹುಡುಗನಾಗಲೀ ‘ಊರುಕೇರಿ’ಯ ಹುಡುಗನಾಗಲೀ ತನ್ನ ಮುಖ ಹೇಗಿದೆಯೆಂದು ಚಿಂತಿಸುತ್ತ ಕೂರುವುದಿಲ್ಲ. ಜಾತಿಯ ತೀರ್ಪಿಗೆ ಮುಖವನ್ನು ನೋಡುವ ಅಗತ್ಯವಿಲ್ಲದಿರುವುದೇ ಇದಕ್ಕೆ ಕಾರಣ. ವರ್ಣಭೇದದ ಕಣ್ಣಿಗೆ ಬಣ್ಣ ಬೇಕು, ಲೂಸಿಯ ಸಹಪಾಠಿಗಳ ಕಣ್ಣಿಗೆ ದವಡೆ ಬೇಕು. ಜಾತಿಗೆ ಹೆಸರು, ಕೇರಿ, ಕುಲದ ವಿಚಾರಣೆ ಸಾಕು. ಎಷ್ಟೇ ಲಕ್ಷಣವಾದ ಮುಖವೂ ಆ ವಿಚಾರಣೆಯ ನಂತರ ಅಸಹ್ಯವಾಗುತ್ತದೆ. ಆದ್ದರಿಂದ ಇಲ್ಲಿ ಹೇಸಿಗೆ ನೆಲೆಗೊಂಡಿರುವುದು ರೂಪದಲ್ಲಲ್ಲ, ಸ್ಪರ್ಶದಲ್ಲಿ: ನೀರು ಹೊಯ್ಯುವ ಎತ್ತರದಲ್ಲಿ, ಚಹಾದ ಬೇರೆ ಲೋಟದಲ್ಲಿ, ಶಾಲೆಯಲ್ಲಿ ಕೂರಿಸುವ ಜಾಗದಲ್ಲಿ.

ಮುದ್ದೇಬಿಹಾಳದ ಪರಿಸರದಲ್ಲಿ ಬೆಳೆದ ಮಾಲಗತ್ತಿ ಅವರ ಕೃತಿ ಒಂದು ಬದುಕನ್ನು ಹುಟ್ಟಿನಿಂದ ಕ್ರಮವಾಗಿ ಹೇಳಿಕೊಂಡು ಹೋಗುವುದಿಲ್ಲ. ಬಿಡಿ ಪ್ರಸಂಗಗಳಾಗಿ ಹೇಳುತ್ತದೆ. ಈ ರಚನೆ ಅರ್ಥಪೂರ್ಣವಾದುದು. ಕೀಳರಿಮೆಯಿಂದ ಆತ್ಮಗೌರವದ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕಥನವನ್ನು ಅದು ಒದಗಿಸುವುದಿಲ್ಲ. ಒಂದೊಂದು ಪ್ರಸಂಗವೂ ಬೇರೆಯೇ ಗಾಯವಾಗಿ ಉಳಿಯುತ್ತದೆ. ಎಮ್ಮೆ ಕೋಣಗಳ ಕೂಡಿಕೆಗೂ ಜಾತಿಯ ಕಟ್ಟಳೆ ಅಡ್ಡಬರುವ ಪ್ರಸಂಗ ಮನುಷ್ಯರೂಪದ ಪ್ರಶ್ನೆಯನ್ನೇ ಅಣಕಿಸುತ್ತದೆ. ಪಶುವಿನಲ್ಲಿ ಯಾವ ರೂಪಭೇದವೂ ಇಲ್ಲದಿದ್ದರೂ ಅದರ ಒಡೆಯನ ಕುಲ ಅದಕ್ಕೆ ಅಂಟಿಕೊಳ್ಳುತ್ತದೆ. ಓಕುಳಿಯ ಪ್ರಸಂಗ ಇನ್ನೂ ತೀಕ್ಷ್ಣವಾದುದು. ಉಳಿದ ದಿನಗಳಲ್ಲಿ ಮುಟ್ಟಲೂ ಬಾರದ ಹೆಣ್ಣಿನ ಮೈ ಆ ಆಚರಣೆಯ ದಿನ ಊರಿನ ಗಂಡಸರು ನೀರೆರಚಿ ನೋಡುವ ನೋಟವಾಗುತ್ತದೆ. ಹೇಸಿಗೆ ಮತ್ತು ಲಾಲಸೆ ಒಂದೇ ಮೈಯ ಮೇಲೆ, ಪಂಚಾಂಗದ ಪ್ರಕಾರ, ಸರದಿಯಂತೆ ಬೀಳುತ್ತವೆ. ಅಸಹ್ಯವೆಂಬುದು ಅಭಿರುಚಿಯ ಸಂಗತಿಯಲ್ಲ, ಯಜಮಾನಿಕೆಯ ಸಂಗತಿಯೆಂದು ಸಾಧಿಸಲು ಇದಕ್ಕಿಂತ ಬೇರೆ ಪುರಾವೆ ಬೇಕಾಗುವುದಿಲ್ಲ.

ಎರಡನೆಯ ವ್ಯತ್ಯಾಸ ಒಂಟಿತನಕ್ಕೆ ಸಂಬಂಧಿಸಿದ್ದು. ಏಂಜೆಲೊ ಅವರ ಹುಡುಗಿ ತನ್ನವರ ನಡುವೆಯೂ ತಾನೊಬ್ಬಳೇ ಕುರೂಪಿಯೆಂದು ಭಾವಿಸುತ್ತಾಳೆ. ಗ್ರೀಲಿ ಅವರಿಗಂತೂ ತಮ್ಮಂಥ ಇನ್ನೊಂದು ಮುಖವೇ ಕಾಣುವುದಿಲ್ಲ. ಕೇರಿಯ ಮಗುವಿನ ಮೇಲೆ ಬೀಳುವ ತೀರ್ಪು ಇಡೀ ಕೇರಿಯ ಮೇಲೆ ಬಿದ್ದಿರುವಂಥದು. ಸಿದ್ಧಲಿಂಗಯ್ಯ (1954–2021) ಅವರ ‘ಊರುಕೇರಿ’ಯಲ್ಲಿ ಕೇರಿ ಒಂದು ಆಶ್ರಯವೂ ಹೌದು. ಹಸಿವು, ಜಗಳ, ದೆವ್ವದ ಕಥೆ, ತುಂಟತನಗಳ ನಡುವೆ ಅಲ್ಲಿ ನಗೆ ಹರಿಯುತ್ತದೆ. ಹೆತ್ತವರ ಅಕ್ಕರೆಗೆ ಅಲ್ಲಿ ಕೊರತೆಯಿಲ್ಲ. ಹಾಗಾದರೆ ಗಾದೆ ಅಲ್ಲಿ ನಿಜವಾಗಿಯೇ ಉಳಿಯಿತೇ ಎಂದು ಕೇಳಿದರೆ, ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಬಾಲಕ ಕಂಡ ದೃಶ್ಯ ಉತ್ತರ ಹೇಳುತ್ತದೆ. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗವಿಟ್ಟು, ಎತ್ತುಗಳಂತೆ ಹೂಡಿ ಉಳಲಾಗುತ್ತಿದೆ. ಆ ಇಬ್ಬರಲ್ಲಿ ಒಬ್ಬರು ಅವನ ತಂದೆ. ಇಲ್ಲಿ ಮುರಿಯುವುದು ಗಾದೆಯ ಇನ್ನೊಂದು ತುದಿ. ಮಗು ಹೆತ್ತವರಿಗೆ ಮುದ್ದಾಗಿಯೇ ಇದೆ. ಆದರೆ ಆ ಹೆತ್ತವರೇ ಊರಿನ ಕಣ್ಣಿಗೆ ಮನುಷ್ಯರಲ್ಲ. ಮುದ್ದು ಮಾಡುವ ಕಣ್ಣಿಗೇ ಮರ್ಯಾದೆಯಿಲ್ಲದಿದ್ದರೆ, ಆ ಮುದ್ದು ಮಗುವನ್ನು ಎಲ್ಲಿಯವರೆಗೆ ಕಾಯಬಲ್ಲದು? ಅಮೆರಿಕದ ಎರಡೂ ಕೃತಿಗಳು ಎತ್ತದ ಈ ಪ್ರಶ್ನೆಯನ್ನು ‘ಊರುಕೇರಿ’ ಎತ್ತುತ್ತದೆ. ಅದನ್ನು ಎತ್ತುವಾಗಲೂ ದನಿ ಏರದಿರುವುದು, ಬಾಲಕನ ಕಣ್ಣು ಕಂಡದ್ದನ್ನು ಕಂಡಂತೆ ಹೇಳಿ ಮುಂದೆ ಸಾಗುವುದು ಆ ಕೃತಿಯ ವೈಶಿಷ್ಟ್ಯ. ಅದರ ನಗೆ ನೋವನ್ನು ಮರೆಮಾಚುವ ನಗೆಯಲ್ಲ. ತನ್ನನ್ನು ಕರುಣೆಯ ವಸ್ತುವಾಗಿ ನೋಡಲು ಬಂದ ಓದುಗನಿಗೆ ಆ ಅವಕಾಶವನ್ನು ನಿರಾಕರಿಸುವ ನಗೆ.

ಗೆಲುವಿನ ಪ್ರಶ್ನೆಗೆ ಮಾಲಗತ್ತಿ ಅವರ ಉತ್ತರ ಕೃತಿಯ ಹೆಸರಿನಲ್ಲಿಯೇ ಇದೆ. ಕಲಿತು, ಉದ್ಯೋಗ ಪಡೆದು, ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗುವುದು ‘ಕಷ್ಟವನ್ನು ಗೆದ್ದ’ ಕಥೆಯ ಅಪೇಕ್ಷಿತ ಮುಕ್ತಾಯ. ಅಲ್ಲಿಗೆ ತಲುಪಿದವನಿಗೂ ಸಮಾಜ ಮೀಸಲಾತಿಯನ್ನು ಹಂಗಿಸುವ ಹೊಸ ಹೆಸರೊಂದನ್ನು ಸಿದ್ಧವಾಗಿ ಇಟ್ಟಿರುತ್ತದೆ. ತೀರ್ಪು ರದ್ದಾಗುವುದಿಲ್ಲ, ಅದರ ಮಾತು ಮಾತ್ರ ಬದಲಾಗುತ್ತದೆ. ಹಂಗಿಸುವ ಆ ಹೆಸರನ್ನೇ ಎತ್ತಿಕೊಂಡು ಪುಸ್ತಕದ ಹಣೆಯ ಮೇಲೆ ಬರೆದದ್ದು ಲೇಖಕರ ಪ್ರತಿಕ್ರಿಯೆ. ಬಾತುಮರಿ ಇಲ್ಲಿ ಹಂಸವಾಗಲು ಒಪ್ಪುವುದಿಲ್ಲ. ಬಾತುಗಳ ಅಳತೆಗೋಲನ್ನೇ ಕೈಗೆ ತೆಗೆದುಕೊಂಡು ಪರೀಕ್ಷಿಸುತ್ತದೆ.

5

1990ರ ದಶಕದ ನಂತರ ಇಂಗ್ಲಿಷ್ ಪ್ರಕಾಶನ ಲೋಕದಲ್ಲಿ ಬಾಲ್ಯದ ಬವಣೆಯ ಕಥನಗಳು ಒಂದು ಪ್ರತ್ಯೇಕ ಸರಕಾಗಿಯೇ ಮಾರಾಟವಾದವು. ಡೇವ್ ಪೆಲ್ಜರ್ ಅವರ ‘ಎ ಚೈಲ್ಡ್ ಕಾಲ್ಡ್ ಇಟ್’ (1995), ಫ್ರಾಂಕ್ ಮೆಕ್‌ಕೋರ್ಟ್ ಅವರ ‘ಏಂಜೆಲಾಸ್ ಆ್ಯಶಸ್’ (1996) ಮೊದಲಾದವು ಅಪಾರ ಸಂಖ್ಯೆಯ ಓದುಗರನ್ನು ಪಡೆದವು. ಗುಣದಲ್ಲಿ ಬಹಳ ಭಿನ್ನವಾದ ಈ ಕೃತಿಗಳನ್ನು ಮಾರುಕಟ್ಟೆ ಒಂದೇ ಸಾಲಿನಲ್ಲಿ ಇರಿಸಿತು. ನೋವು ಎಷ್ಟು ಭೀಕರವೋ ಗೆಲುವು ಅಷ್ಟು ರುಚಿಕರ ಎಂಬ ಲೆಕ್ಕಾಚಾರ ಇದರ ಹಿಂದಿದೆ. ಈ ಲೆಕ್ಕಾಚಾರದಿಂದ ಆಗುವ ಹಾನಿ ಎರಡು ಬಗೆಯದು.

ಮೊದಲನೆಯದು, ಆತ್ಮಕಥನವನ್ನು ಕೇವಲ ಸಾಕ್ಷ್ಯವಾಗಿ ನೋಡುವ ಅಭ್ಯಾಸ. ಬಾಲ್ಯದ ಸಣ್ಣ ಸಣ್ಣ ವಿವರಗಳೆಲ್ಲ ಹೇಗೆ ನೆನಪಿನಲ್ಲಿ ಉಳಿದವೆಂದು ಓದುಗರು ಕೇಳಿದಾಗ, ತಾನು ನೆನಪಿಸಿಕೊಳ್ಳಲಿಲ್ಲ, ಬರೆದೆ ಎಂಬರ್ಥದ ಉತ್ತರವನ್ನು ಗ್ರೀಲಿ ಕೊಟ್ಟರೆಂದು ಅವರ ಗೆಳತಿ, ಕಾದಂಬರಿಕಾರ್ತಿ ಆ್ಯನ್ ಪ್ಯಾಚೆಟ್ ದಾಖಲಿಸಿದ್ದಾರೆ. ಇದು ಸುಳ್ಳಿನ ಸಮರ್ಥನೆಯಲ್ಲ. ತನ್ನನ್ನು ರೋಗಿಯೆಂದಲ್ಲದೆ ಲೇಖಕಿಯೆಂದು ಕಾಣಬೇಕೆಂಬ ಬೇಡಿಕೆ. ಮುಖವನ್ನಷ್ಟೇ ನೋಡುತ್ತಿದ್ದ ಲೋಕ, ಪುಸ್ತಕ ಬಂದ ಮೇಲೆಯೂ ಪುಸ್ತಕದಲ್ಲಿ ಮುಖವನ್ನಷ್ಟೇ ನೋಡಿತೆಂಬ ವ್ಯಥೆ ಆ ಮಾತಿನಲ್ಲಿದೆ. ಇದರ ಇನ್ನೊಂದು ಬದಿಯೂ ಉಂಟು. ಗ್ರೀಲಿ ಅವರ ಮರಣಾನಂತರ 2004ರಲ್ಲಿ ಪ್ಯಾಚೆಟ್ ತಮ್ಮ ಸ್ನೇಹದ ಕಥನವಾದ ‘ಟ್ರೂತ್ ಆ್ಯಂಡ್ ಬ್ಯೂಟಿ’ಯನ್ನು ಪ್ರಕಟಿಸಿದಾಗ, ತಮ್ಮ ಕುಟುಂಬದ ದುಃಖ ಪರರ ವಶವಾಯಿತೆಂದು ಗ್ರೀಲಿ ಅವರ ಸಹೋದರಿಯೊಬ್ಬರು ಪತ್ರಿಕೆಯಲ್ಲಿ ಬರೆದು ಪ್ರತಿಭಟಿಸಿದರು. ಮನೆಯೊಳಗಿನ ನೋವನ್ನು ಹೇಳುವ ಯಾವ ಕಥನವೂ ಒಬ್ಬರ ಆಸ್ತಿಯಾಗಿ ಉಳಿಯದು. ಕನ್ನಡದ ಆತ್ಮಕಥನಗಳ ಅಧ್ಯಯನವೂ ಈ ನೈತಿಕ ಪ್ರಶ್ನೆಯನ್ನು ಎದುರಿಸಬೇಕಾಗಿದೆ: ಓಕುಳಿಯ ಹೆಂಗಸರು, ನೊಗ ಹೊತ್ತ ತಂದೆ ತಮ್ಮ ಕಥೆಯನ್ನು ತಾವೇ ಹೇಳಿದ್ದರೆ ಅದು ಹೇಗಿರುತ್ತಿತ್ತು?

ಎರಡನೆಯದು, ಬದುಕಿ ಉಳಿದವರು ಮಾತ್ರ ಆತ್ಮಕಥನ ಬರೆಯಬಲ್ಲರೆಂಬ ಸರಳ ಸತ್ಯದ ಮರೆವು. ಏಂಜೆಲೊ ಅವರ ಕೃತಿ ಬಂದ ಮರುವರ್ಷವೇ, 1970ರಲ್ಲಿ, ಟೋನಿ ಮಾರಿಸನ್ ಅವರ ಮೊದಲ ಕಾದಂಬರಿ ‘ದಿ ಬ್ಲೂಯೆಸ್ಟ್ ಐ’ ಪ್ರಕಟವಾಯಿತು. ಅದರ ಪಿಕೋಲಾ ಎಂಬ ಕರಿಯ ಹುಡುಗಿಯೂ ನೀಲಿ ಕಣ್ಣುಗಳಿಗಾಗಿ ಪ್ರಾರ್ಥಿಸುತ್ತಾಳೆ. ಅವಳ ಮೇಲೂ ಮನೆಯೊಳಗೇ ಅತ್ಯಾಚಾರ ನಡೆಯುತ್ತದೆ. ಆದರೆ ಅವಳಿಗೆ ಅಂಗಡಿಯ ಅಜ್ಜಿಯಿಲ್ಲ, ಬೈಲಿಯಂಥ ಅಣ್ಣನ ಆಸರೆಯಿಲ್ಲ, ಪದ್ಯ ಕಲಿಸುವ ಫ್ಲವರ್ಸ್ ಇಲ್ಲ. ನೀಲಿ ಕಣ್ಣುಗಳು ತನಗೆ ದೊರೆತವೆಂಬ ಭ್ರಮೆಯಲ್ಲಿ ಅವಳು ಬುದ್ಧಿ ಕಳೆದುಕೊಳ್ಳುತ್ತಾಳೆ. ಪಿಕೋಲಾ ಆತ್ಮಕಥನ ಬರೆಯಲಾರಳು. ಅವಳ ಕಥೆಯನ್ನು ಹೇಳಲು ಕಾದಂಬರಿಯೇ ಬೇಕಾಯಿತು. ಈ ಎರಡು ಕೃತಿಗಳನ್ನು ಜೊತೆಯಾಗಿ ಓದಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಾಯಾ ಉಳಿದದ್ದು ಅವಳ ಮನೋಬಲ ಒಂದರಿಂದಲೇ ಅಲ್ಲ. ಸರಿಯಾದ ಹೊತ್ತಿನಲ್ಲಿ ದೊರೆತ ಕೆಲವು ಮನುಷ್ಯರಿಂದ, ಒಂದು ಸಮುದಾಯದ ಆಸರೆಯಿಂದ ಅವಳು ಉಳಿದಳು. ಗೆಲುವನ್ನು ವ್ಯಕ್ತಿಯ ಸಾಹಸವಾಗಿಯಷ್ಟೇ ಕೊಂಡಾಡುವ ಓದು, ಸೋತವರ ಸೋಲನ್ನು ಅವರ ದೌರ್ಬಲ್ಯವೆಂದು ಪರೋಕ್ಷವಾಗಿ ತೀರ್ಮಾನಿಸಿಬಿಡುತ್ತದೆ. ಆಗ ಅದು ಮಗುವನ್ನು ಕುರೂಪಿಯೆಂದು ಕರೆದ ಕಣ್ಣಿಗಿಂತ ಬೇರೆಯಾಗಿ ಉಳಿಯುವುದಿಲ್ಲ.

ಒಟ್ಟಾರೆ, ಇಲ್ಲಿ ಪರಿಶೀಲಿಸಿದ ನಾಲ್ಕೂ ಕೃತಿಗಳಲ್ಲಿ ಸಮಂಗಾ ನದಿ ಯಾರಿಗೂ ದೊರೆಯುವುದಿಲ್ಲ. ಗ್ರೀಲಿ ಅದನ್ನು ಬಹುಕಾಲ ಅರಸಿ ಬರಿಗೈಯಲ್ಲಿ ಮರಳುತ್ತಾರೆ. ಏಂಜೆಲೊ ಮಾತಿನ ದಾರಿಯನ್ನು ಹಿಡಿಯುತ್ತಾರೆ. ಸಿದ್ಧಲಿಂಗಯ್ಯ ಮತ್ತು ಮಾಲಗತ್ತಿ ಆ ನದಿಯ ನೀರನ್ನು ಮುಟ್ಟಲು ಯಾರಿಗೆ ಅನುಮತಿಯಿದೆ ಎಂಬ ಪ್ರಶ್ನೆಯನ್ನು ಕೇಳುವಂತೆ ಮಾಡುತ್ತಾರೆ. ಅಷ್ಟಾವಕ್ರನ ಮೈ ನೆಟ್ಟಗಾಯಿತೇ ಎಂಬುದಕ್ಕಿಂತ, ಸಭೆ ಏಕೆ ನಕ್ಕಿತು ಎಂಬುದರ ಕಡೆಗೆ ಈ ಕೃತಿಗಳು ಓದುಗನನ್ನು ತಿರುಗಿಸುತ್ತವೆ. ಆ ಸಭೆಯಲ್ಲಿ ಓದುಗನ ಆಸನವೂ ಇದೆ. ಬಾಲ್ಯದ ಅವಮಾನವನ್ನು ದಾಟಿ ಬಂದವರ ಬರಹಗಳನ್ನು ಮೆಚ್ಚುವುದು ಕಷ್ಟವೇನಲ್ಲ. ದಿನನಿತ್ಯ ಎದುರಾಗುವ ಮಗುವಿನ ಮೇಲೆ ತನ್ನ ಕಣ್ಣು ಹೇಗೆ ಬೀಳುತ್ತಿದೆಯೆಂದು ಗಮನಿಸುವುದು ಕಷ್ಟ. ಈ ಆತ್ಮಕಥನಗಳು ಓದುಗನಿಂದ ಬೇಡುವುದು ಆ ಎರಡನೆಯದನ್ನು.